ನಿಮಿಷಕ್ಕೆ ಸಾವಿರದ ನಾನೂರು ಸುತ್ತು

“ಆ ಸ್ಕ್ರೂಡ್ರೈವರ್ ಕೆಳಗಿಡು.”

ಥನಾಸಿಸ್ ಇಡಲಿಲ್ಲ. ಟ್ರಕ್ಕಿನ ಬಾನೆಟ್ ಎತ್ತಿ ಎಂಜಿನ್ ಮೇಲೆ ಬಗ್ಗಿದ್ದವನು ಬಗ್ಗಿದ ಹಾಗೇ ಕತ್ತು ತಿರುಗಿಸಿ, ಬಾಗಿಲ ಬೆಳಕಲ್ಲಿ ನಿಂತಿದ್ದ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದ.

“ಬಂದ್ರಾ ಸಾರ್ಜೆಂಟಮ್ಮ? ನಾಲ್ಕು ದಿನದಿಂದ ಈ ಹಾಳು ಟ್ರಕ್ಕಿನ ಹೆಣ ನನ್ನ ಜಾಗ ನುಂಗಿಕೊಂಡು ನಿಂತಿದೆ. ಇದನ್ನ ತಗೊಂಡು ಹೋಗೋಕೆ ಬಂದ್ರಾ, ನನಗೆ ಕೋಳ ಹಾಕೋಕೆ ಬಂದ್ರಾ?”

“ಪೊಲೀಸ್ ಟೇಪ್ ಯಾರು ಕತ್ತರಿಸಿದ್ದು?”

“ನಾನೇ. ಕತ್ತರಿ ಅಲ್ಲಿದೆ. ಬೇಕಾದ್ರೆ ಅದನ್ನೂ ಸಾಕ್ಷಿಗೆ ತಗೊಳ್ಳಿ.”

ಡಿಟೆಕ್ಟಿವ್ ಸಾರ್ಜೆಂಟ್ ಲೋರ್ನಾ ಕೆಟಲ್‌ವೆಲ್ ಒಳಗೆ ಬಂದಳು. ಹೊರಗೆ ಮಟಮಟ ಮಧ್ಯಾಹ್ನ, ನಲವತ್ತನಾಲ್ಕು ಡಿಗ್ರಿ. ಟಿನ್‌ಹ್ಯಾಟ್ ಊರಲ್ಲಿ ಮನೆ, ಚರ್ಚು, ಬಾರು ಎಲ್ಲ ಗುಡ್ಡ ಕೊರೆದು ಮಾಡಿದ್ದೇ. ಥನಾಸಿಸ್‌ನ ಗ್ಯಾರೇಜೂ ಹಾಗೇ: ಮೂರು ಕಡೆ ಕೆಂಪು ಬಂಡೆ, ಒಂದು ಕಡೆ ಬಾಗಿಲು. ಟ್ರಕ್ಕು ಮೂತಿಯನ್ನು ಒಳಗಿನ ಬಂಡೆಗೆ ಮಾಡಿ ನಿಂತಿತ್ತು. ಬಂಪರಿಗೂ ಬಂಡೆಗೂ ನಡುವೆ ಒಂದು ಉದ್ದನೆ ಕೆಲಸದ ಮೇಜು, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ.

ಶನಿವಾರ ಬೆಳಿಗ್ಗೆ ಇದೇ ಟ್ರಕ್ಕು ತನ್ನ ಒಡೆಯ ಮಿಲಿವೊಯ್ ಸ್ಟಾನಿಚ್‌ನನ್ನು ಹಿಂದಿನಿಂದ ತಳ್ಳಿ, ಓಪಲ್ ರತ್ನಕ್ಕಾಗಿ ಅವನೇ ತೋಡಿದ್ದ ಎಂಬತ್ತಡಿ ಗುಂಡಿಗೆ ಬೀಳಿಸಿ ಕೊಂದಿತ್ತು.

ಗುಂಡಿಯ ಬಾಯಲ್ಲಿ ಒಂದು ಚಕ್ರ ಇಳಿಬಿಟ್ಟುಕೊಂಡು ನಿಂತಿದ್ದ ಟ್ರಕ್ಕನ್ನು ಎಳೆದು ತರಬಲ್ಲ ಕ್ರೇನು ಊರಲ್ಲಿ ಇದ್ದದ್ದು ಒಂದೇ. ಅದೂ ಥನಾಸಿಸ್‌ನದು. ಹೀಗಾಗಿ ಯಾರ ಮೇಲೆ ಊರೆಲ್ಲ ಬೆರಳು ಮಾಡುತ್ತಿತ್ತೋ ಅವನ ಮನೆಯಲ್ಲೇ ಸಾಕ್ಷಿ ಇಳಿದುಕೊಂಡಿತ್ತು.

“ಸಾರ್ಜ್, ಇವನನ್ನ ಈಗಲೇ ಕರ್ಕೊಂಡು ಹೋಗೋಣವಾ?” ಹಿಂದಿನಿಂದ ಕೇಳಿದವನು ಸೀನಿಯರ್ ಕಾನ್‌ಸ್ಟೆಬಲ್ ಕಾಲಿನ್ ಟ್ರೆವೆಲ್ಲಾ. ಊರಲ್ಲಿ ಹನ್ನೊಂದು ವರ್ಷದಿಂದ ಅವನೊಬ್ಬನೇ ಪೊಲೀಸು. ಲೋರ್ನಾ ಅಡಿಲೇಡ್‌ನಿಂದ ಬಂದಿಳಿದ ಗಳಿಗೆಯಿಂದ ಅವಳ ಜೀಪು ಓಡಿಸಿದ್ದು, ದಾರಿ ತೋರಿಸಿದ್ದು, ಬಾಟಲಿಯಲ್ಲಿ ತಣ್ಣಗೆ ನೀರು ತುಂಬಿಸಿಟ್ಟದ್ದು ಎಲ್ಲ ಅವನೇ. “ಟೇಪ್ ಕತ್ತರಿಸಿದ್ದು ಒಂದೇ ಸಾಕು, ಒಳಗೆ ಹಾಕಬಹುದು.”

“ಹಾಕು ಬಾರೋ, ಹಾಕು,” ಅಂದ ಥನಾಸಿಸ್. ಅರವತ್ತು ದಾಟಿದ್ದರೂ ತೋಳು ಕಬ್ಬಿಣದ ಸರಳಿನ ಹಾಗಿದ್ದವು. “ನಿನ್ನ ಜೈಲಿನ ಕಕ್ಕಸಿಗೆ ನಲ್ಲಿ ಹಾಕಿದ್ದೂ ನಾನೇ. ಎಲ್ಲಿ ಸೋರುತ್ತೆ ಅಂತ ಗೊತ್ತು.”

ಲೋರ್ನಾ ಕೈ ಎತ್ತಿ ಟ್ರೆವೆಲ್ಲಾನನ್ನು ತಡೆದಳು. ಅವಳ ಕಣ್ಣು ಎಂಜಿನ್ ಮೇಲಿತ್ತು.

“ಗುರುವಾರ ಮಿಲಿವೊಯ್ ಟ್ರಕ್ಕು ತಂದ. ಏನು ಕಂಪ್ಲೇಂಟು?”

“ನಿಂತಲ್ಲಿ ಎಂಜಿನ್ ಆಫ್ ಆಗ್ತಿತ್ತು. ಐಡ್ಲಿಂಗ್ ಸರಿ ಇರಲಿಲ್ಲ. ಗಾಳಿ ಬಿಡೋ ವಾಲ್ವ್ ತುಂಬ ಮಸಿ ಕಟ್ಟಿಕೊಂಡಿತ್ತು. ಬಿಚ್ಚಿ ತೊಳೆದೆ. ಐಡ್ಲಿಂಗ್, ಅಂದ್ರೆ ಸುಮ್ಮನೆ ನಿಂತಾಗಿನ ಓಟ, ನಿಮಿಷಕ್ಕೆ ಏಳುನೂರು ಸುತ್ತಿಗೆ ಕೂರಿಸಿದೆ. ಕಳಿಸಿದೆ.”

“ಬುಧವಾರ ಸಂಜೆ ಬಾರಲ್ಲಿ ಮೂವತ್ತು ಜನರ ಮುಂದೆ ‘ನಿನ್ನ ಗುಂಡೀಲೇ ನಿನ್ನ ಹೂಳ್ತೀನಿ’ ಅಂದವನು ನೀನು. ಗುರುವಾರ ಅವನೇ ನಿನ್ನ ಹತ್ತಿರ ಟ್ರಕ್ಕು ತಂದ?”

“ಇನ್ನೂರು ಮೈಲಿಗೆ ಮೆಕ್ಯಾನಿಕ್ ನಾನೊಬ್ಬನೇ. ಜಗಳ ಬೇರೆ, ಐಡ್ಲಿಂಗ್ ಬೇರೆ.” ಥನಾಸಿಸ್ ನೆಲಕ್ಕೆ ಉಗಿದ. “ಅವನು ನನ್ನನ್ನ ಕಳ್ಳ ಅಂದ. ಅವನ ಗುಂಡಿಗೆ ಇಳಿದು ಕಲ್ಲು ಕದ್ದೆ ಅಂದ. ಈ ಊರಲ್ಲಿ ಅದಕ್ಕಿಂತ ಹೊಲಸು ಬೈಗುಳ ಇನ್ನೊಂದಿಲ್ಲ. ನನ್ನ ಹೆಂಡತಿ ಚರ್ಚಿಗೆ ಹೋದರೆ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಹೂಳ್ತೀನಿ ಅಂದೆ, ಹೌದು. ಅಂದೋರೆಲ್ಲ ಹೂಳಿದ್ರೆ ಈ ಊರಲ್ಲಿ ಮೂಗುಸಿರು ಬಿಡೋಕೆ ಒಬ್ಬ ಉಳೀತಿರಲಿಲ್ಲ.”

“ಅವನ ಗೇರಿನ ವಿಷಯ ನಿನಗೆ ಗೊತ್ತಿತ್ತು.”

“ಊರಿಗೇ ಗೊತ್ತಿತ್ತು.”

ಅದು ನಿಜವೇ. ಟ್ರಕ್ಕಿನದು ಆಟೊಮ್ಯಾಟಿಕ್ ಗೇರು. ಲಿವರ್ ಬಿಗಿದುಕೊಂಡು ವರ್ಷಗಳೇ ಆಗಿದ್ದವು. ಜರುಗಿಸಬೇಕಾದರೆ ಎರಡು ಕೈ ಹಾಕಿ ಹಲ್ಲು ಕಚ್ಚಬೇಕು. ಆ ತಾಪತ್ರಯವೇ ಬೇಡ ಅಂತ ಮಿಲಿವೊಯ್ ಗಳಿಗೆಯ ಮಟ್ಟಿಗೆ ಎಲ್ಲಿ ನಿಲ್ಲಿಸಿದರೂ ಎಂಜಿನ್ ಆರಿಸದೆ, ಗೇರನ್ನು ಓಡುವ ಸ್ಥಾನದಲ್ಲೇ ಬಿಟ್ಟು, ಹ್ಯಾಂಡ್ ಬ್ರೇಕ್ ಎಳೆದು ಇಳಿಯುತ್ತಿದ್ದ. ಎಂಜಿನ್ ಮೆಲ್ಲಗೆ ಗುರುಗುಡುವಾಗ ಆ ಬ್ರೇಕು ಸಾಕಾಗುತ್ತಿತ್ತು. ಆರು ವರ್ಷ ಸಾಕಾಗಿತ್ತು.

ಎಂಜಿನ್ ಜೋರಾಗಿ ಓಡುತ್ತಿದ್ದರೆ ಯಾವನಿಗಾದರೂ ಕೇಳಿಸುತ್ತಿತ್ತು. ಮಿಲಿವೊಯ್‌ಗೆ ಕೇಳಿಸುತ್ತಿರಲಿಲ್ಲ. ಮೂವತ್ತು ವರ್ಷ ಬಂಡೆ ಸಿಡಿಸಿ ಅವನ ಎರಡೂ ಕಿವಿ ಹೋಗಿದ್ದವು. ಊಟಕ್ಕೆ ಕರೆಯಬೇಕಾದರೆ ಮೇಜು ಗುದ್ದುತ್ತಿದ್ದೆ ಅಂತ ಅವನ ಹೆಂಡತಿ ದಾನಿತ್ಸಾ ಮೊನ್ನೆ ಗುದ್ದಿಯೇ ತೋರಿಸಿದ್ದಳು. ತೋರಿಸಿ, ಆಮೇಲೆ ಆ ಮುಷ್ಟಿಯನ್ನು ಬಿಚ್ಚಲು ಅವಳಿಂದ ಆಗಿರಲಿಲ್ಲ.

“ಈಗ ಒಂದು ಪರೀಕ್ಷೆ ಮಾಡೋಣ,” ಅಂದಳು ಲೋರ್ನಾ. “ನೀನು ಏಳುನೂರಕ್ಕೆ ಕೂರಿಸಿದೆ ಅಂತೀಯ. ಸ್ಟಾರ್ಟ್ ಮಾಡಿ ನೋಡೋಣ.”

ಟ್ರೆವೆಲ್ಲಾ ಒಂದು ಹೆಜ್ಜೆ ಮುಂದೆ ಬಂದ. “ಸಾರ್ಜ್, ಬರೋ ಶುಕ್ರವಾರ ಅಡಿಲೇಡ್‌ನಿಂದ ಗಾಡಿ ಪರೀಕ್ಷೆಯೋರು ಬರ್ತಾರಲ್ಲ. ನಾವು ಮುಟ್ಟಿದ್ರೆ ನಾಳೆ ಕೋರ್ಟಲ್ಲಿ...”

“ಟೇಪ್ ಆಗಲೇ ಕತ್ತರಿಸಿದಾನೆ. ಶುಕ್ರವಾರದ ತನಕ ಇದು ಹೀಗೇ ಇರುತ್ತೆ ಅಂತ ನನಗೆ ನಂಬಿಕೆ ಇಲ್ಲ.” ಅವಳು ಕ್ಯಾಮೆರಾ ತೆಗೆದಳು. “ನೀನು ಸೀಟಲ್ಲಿ ಕೂತ್ಕೋ ಕಾಲಿನ್. ಗೇರ್ ನ್ಯೂಟ್ರಲ್‌ಗೆ ಹಾಕು. ಹ್ಯಾಂಡ್ ಬ್ರೇಕ್ ಎಳೆದಿರಲಿ, ಕಾಲೂ ಬ್ರೇಕ್ ಮೇಲಿರಲಿ.”

ಟ್ರೆವೆಲ್ಲಾ ಹತ್ತಿ ಕೂತ. ಲಿವರ್ ಜರುಗಿಸುವಾಗ ಅವನು ಮುಕ್ಕಿರಿದದ್ದು ಹೊರಗೂ ಕೇಳಿಸಿತು.

ಲೋರ್ನಾ ಬಂಪರಿಗೂ ಮೇಜಿಗೂ ನಡುವಿನ ಇಕ್ಕಟ್ಟಿಗೆ ನುಸುಳಿ ಥನಾಸಿಸ್‌ನ ಪಕ್ಕ ನಿಂತಳು. ಅವನು ಜರುಗಿ ಜಾಗ ಕೊಡಲಿಲ್ಲ. ಎತ್ತಿದ ಬಾನೆಟ್ಟು ಗೋಡೆಯ ಹಾಗೆ ಅಡ್ಡ ನಿಂತು ಸೀಟಲ್ಲಿದ್ದವನನ್ನು ಮರೆಮಾಡಿತ್ತು.

ಅವಳು ಟಾರ್ಚು ಬಿಟ್ಟು ನೋಡಿದಳು. ಆಕ್ಸಿಲರೇಟರ್ ತಂತಿ ಎಳೆಯುವ ಪುಟ್ಟ ತೋಳು, ಅದು ಹಿಂದಕ್ಕೆ ಬಂದು ಕೂರುವ, ಐಡ್ಲಿಂಗ್ ಏರಿಸಿ ಇಳಿಸುವ ಸ್ಕ್ರೂ. ಬೆರಳಿನ ಉಗುರಿನಷ್ಟು ದೊಡ್ಡದು. ಅದರ ತಲೆಯ ಮೇಲೆ ಹಸಿರು ಬಣ್ಣದ ಒಂದು ಬೊಟ್ಟು.

ಬೊಟ್ಟು ಒಡೆದಿತ್ತು. ಅರ್ಧ ಸ್ಕ್ರೂವಿನ ಮೇಲೆ, ಅರ್ಧ ಅದರ ಬುಡದ ನಟ್ಟಿನ ಮೇಲೆ. ಎರಡೂ ಈಗ ಎದುರು ಬದುರಾಗಿ ಇರಲಿಲ್ಲ.

“ಹಸಿರು ಬಣ್ಣ ನಿಂದಾ?”

“ನಂದೇ. ಸೆಟ್ಟಿಂಗ್ ಆದಮೇಲೆ ಹಾಕ್ತೀನಿ. ಯಾರಾದ್ರೂ ಮುಟ್ಟಿದ್ರೆ ಗೊತ್ತಾಗಲಿ ಅಂತ.” ಅವನ ದನಿ ಒರಟಾಗಿಯೇ ಇತ್ತು. “ಅದನ್ನ ನೋಡೋಕೇ ಟೇಪ್ ಕತ್ತರಿಸಿದ್ದು. ಒಬ್ಬ ಸತ್ತ. ನನ್ನ ಕೈಯ ಕೆಲಸದಿಂದ ಸತ್ತನಾ ಅಂತ ನನಗೂ ಗೊತ್ತಾಗಬೇಕಲ್ಲ. ನಾಲ್ಕು ದಿನದಿಂದ ನಿದ್ದೆ ಇಲ್ಲ, ಕಾಫಿ ಗಂಟಲಲ್ಲಿ ಇಳೀತಿಲ್ಲ.”

“ಸ್ಟಾರ್ಟ್!” ಕೂಗಿದಳು ಲೋರ್ನಾ.

ಎಂಜಿನ್ ಸ್ಟಾರ್ಟ್ ಆಯಿತು. ಬಂಡೆಯ ಗುಹೆಯಲ್ಲಿ ಸದ್ದು ನಾಲ್ಕು ಪಟ್ಟಾಯಿತು. ಬಿಸಿಯಾಗುವ ತನಕ ಇಬ್ಬರೂ ಮುಖ ಮುಖ ನೋಡದೆ ಕಾದರು. ಥನಾಸಿಸ್ ಎಂಜಿನ್ನಿನ ಸುತ್ತು ಎಣಿಸುವ ಮೀಟರಿನ ವೈರನ್ನು ಸಿಕ್ಕಿಸಿ ಅವಳ ಕೈಗೆ ತುರುಕಿದ. “ನೀವೇ ಹಿಡೀರಿ. ಆಮೇಲೆ ಥನಾಸಿಸ್ ಮುಳ್ಳು ತಿರುಗಿಸಿದ ಅನ್ನೋದು ಬೇಡ.”

ಮುಳ್ಳು ಸಾವಿರದ ನಾನೂರರ ಮೇಲೆ ಹೋಗಿ ನಿಂತಿತು.

“ಏಳುನೂರಾ?” ಅಂದಳು ಅವಳು.

ಥನಾಸಿಸ್ ಮೀಟರಿನ ಮೇಲೆ ಬಗ್ಗಿದ. ಅವನ ಗಡ್ಡದ ಬುಡದಲ್ಲಿ ಬೆವರು ಹನಿಗಟ್ಟಿತ್ತು.

“ಎರಡರಲ್ಲಿ ಒಂದು,” ಅಂದಳು ಲೋರ್ನಾ. ಪೋರ್ಟ್ ಪಿರಿ ಅನ್ನುವ ಊರಲ್ಲಿ ಅಪ್ಪನ ಗ್ಯಾರೇಜಿನ ಎಣ್ಣೆ ನೆಲದ ಮೇಲೆ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ನೀನು ತೊಳೆದೆ ಅನ್ನೋ ವಾಲ್ವ್ ತೆರಕೊಂಡೇ ಸಿಕ್ಕಿಹಾಕಿಕೊಂಡು ಗಾಳಿ ಬಿಡ್ತಾ ಇರಬೇಕು. ಹಾಗಿದ್ರೆ ಇದು ನಿನ್ನ ಕೆಟ್ಟ ಕೆಲಸ. ಇಲ್ಲ, ಯಾರೋ ಬೇಕಂತಲೇ ಸ್ಕ್ರೂ ತಿರುಗಿಸಿರಬೇಕು. ಹಾಗಿದ್ರೆ ಇದು ಕೊಲೆ. ವಾಲ್ವ್ ಬಾಯಿ ಮುಚ್ಚು, ಅದಕ್ಕೆ ಗಾಳಿ ಹೋಗದ ಹಾಗೆ. ಸದ್ದು ಇಳಿದ್ರೆ ತಪ್ಪು ವಾಲ್ವಿಂದು. ಇಳೀದೇ ಇದ್ರೆ ಸ್ಕ್ರೂವಿಂದು.”

ಮುದುಕ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ.

“ಯಾರ ಮಗಳು ನೀವು?”

“ವಾಲ್ವ್ ಮುಚ್ಚು.”

ಅವನು ವಾಲ್ವಿನ ರಬ್ಬರ್ ಕೊಳವೆಯನ್ನು ಇಕ್ಕಳದಿಂದ ಹಿಚುಕಿ ಹಿಡಿದ. ಮುಳ್ಳು ಒಂದಿಷ್ಟು ನಡುಗಿತು. ಮತ್ತೆ ಸಾವಿರದ ನಾನೂರಕ್ಕೇ ಬಂದು ಕೂತಿತು.

ಕೊಲೆ.

ಲೋರ್ನಾ ಮುಳ್ಳಿನ ಫೋಟೊ ತೆಗೆದಳು. ಅನುಮಾನ ಮೊದಲೇ ಇತ್ತು. ಆದರೆ ಅನುಮಾನ ಬೇರೆ, ಮುಳ್ಳು ಕಣ್ಣಮುಂದೆ ಹೇಳುವುದೇ ಬೇರೆ.

“ಇನ್ನೊಂದು,” ಅಂದಳು. “ಗಣೀಲಿ ಮಿಲಿವೊಯ್‌ನ ಜೊತೆಗಾರ ಕ್ವರ್ಕ್ ಅವತ್ತು ಮೂವತ್ತು ಹೆಜ್ಜೆ ದೂರದಲ್ಲಿ ಕಲ್ಲು ಆರಿಸ್ತಾ ಇದ್ದ. ಮಿಲಿವೊಯ್ ಇಳಿದ ಮೇಲೂ ಟ್ರಕ್ಕು ಒಂದು ನಿಮಿಷ ಸುಮ್ಮನೆ ನಿಂತಿತ್ತಂತೆ. ಅವನು ಮುಂದೆ ಹೋಗಿ ಗುಂಡಿಯ ಏಣಿ ಕಟ್ಟೋಕೆ ಬಗ್ಗಿದ ಮೇಲೆ ಹೊರಟಿತಂತೆ. ಯಾಕೆ?”

“ಏಸಿ ಹಾಕೋಕೆ ಹೇಳಿ.”

“ಕಾಲಿನ್! ಏಸಿ!”

ಎಂಜಿನ್ ಪಕ್ಕ ಏನೋ ಕಟ್ಟೆಂದಿತು. ಮುಳ್ಳು ಸಾವಿರದ ಇನ್ನೂರಕ್ಕೆ ಕುಗ್ಗಿತು. ಅರ್ಧ ನಿಮಿಷ ಹಾಗೇ ಇದ್ದು, ಮತ್ತೆ ಕಟ್ಟೆಂದಾಗ ಒಮ್ಮೆಲೇ ಸಾವಿರದ ನಾನೂರಕ್ಕೆ ಜಿಗಿಯಿತು.

“ನೋಡಿ. ಏಸಿ ಓಡುವಾಗ ಅದರ ಭಾರ ಎಂಜಿನ್ ಮೇಲೆ. ಹ್ಯಾಂಡ್ ಬ್ರೇಕ್ ಹೆಂಗೋ ತಡ್ಕೊಂಡಿರುತ್ತೆ. ಒಳಗೆ ತಣ್ಣಗಾಯ್ತು ಅಂತ ಏಸಿ ತಾನೇ ನಿಂತಾಗ ಭಾರ ಇಳೀತು, ಎಂಜಿನ್ ಎಗರಿತು, ಬ್ರೇಕು ಕೈಬಿಟ್ಟಿತು.” ಥನಾಸಿಸ್ ಕೈ ಒರೆಸಿಕೊಂಡ. “ಆ ಬಡವ ಬೇಸಿಗೇಲಿ ಏಸಿ ಆಫ್ ಮಾಡಿದ್ದೇ ಇಲ್ಲ.”

“ಏಸಿ ಆಫ್!” ಕೂಗಿದಳು ಲೋರ್ನಾ. ಆಮೇಲೆ ಅವನ ಕಡೆ ತಿರುಗಿದಳು. “ಇಷ್ಟೆಲ್ಲ ಲೆಕ್ಕ ಹಾಕೋ ತಲೆ ಈ ಊರಲ್ಲಿ ಎಷ್ಟು ಜನಕ್ಕಿದೆ? ಒಬ್ಬನಿಗೆ. ಬಣ್ಣ ನಿಂದು. ಸ್ಕ್ರೂ ನೀನು ಮುಟ್ಟಿದ್ದು. ಬೆದರಿಕೆ ನಿಂದು. ಗುರುವಾರ ಏಳುನೂರಕ್ಕೆ ಇಟ್ಟೆ ಅನ್ನೋದಕ್ಕೆ ಸಾಕ್ಷಿ ನೀನೊಬ್ಬನೇ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ವಕೀಲರಿಗೆ ಫೋನ್ ಮಾಡ್ತಿದ್ದೆ.”

“ಸ್ಕ್ರೂ ತಲೆ ನೋಡಿ.”

“ನೋಡಿದೆ.”

“ಕಣ್ಣು ಬಿಟ್ಟು ನೋಡಿ! ಅದಕ್ಕೆ ಆರು ಮೂಲೆ ಕೀ ಬೇಕು. ನನ್ನ ಹತ್ತಿರ ಅಂಥವು ಹನ್ನೆರಡಿವೆ, ಗೋಡೇಲಿ ಸಾಲಾಗಿ ನೇತಾಡ್ತಿವೆ. ಇದನ್ನ ತಿರುಗಿಸಿದೋನು ಇಕ್ಕಳ ಹಾಕಿ ತಿರುಗಿಸಿದಾನೆ. ತಲೆಯೆಲ್ಲ ಕಚ್ಚಿಹೋಗಿದೆ. ನಲವತ್ತು ವರ್ಷದಲ್ಲಿ ನಾನು ಒಂದು ಸ್ಕ್ರೂ ಹಿಂಗೆ ಹಾಳುಮಾಡಿಲ್ಲ.”

ಟಾರ್ಚಿನ ಬೆಳಕಲ್ಲಿ ಹಲ್ಲಿನ ಗುರುತುಗಳು ಹೊಳೆಯುತ್ತಿದ್ದವು. ಹೊಸ ಗುರುತು, ಇನ್ನೂ ಧೂಳು ಕೂತಿರಲಿಲ್ಲ.

“ನಾನು ಹೀಗೆ ಯೋಚಿಸಲಿ ಅಂತಲೇ ನೀನು ಇಕ್ಕಳ ಹಾಕಿರಬಹುದು.”

“ಹಾಗಾದ್ರೆ ಹೋಗು!” ಥನಾಸಿಸ್ ಮೇಜಿಗೆ ಬಡಿದ ಹೊಡೆತಕ್ಕೆ ನಟ್ಟುಬೋಲ್ಟುಗಳೆಲ್ಲ ಕುಣಿದವು. ಬಹುವಚನ ಅಲ್ಲಿಗೆ ಮುಗಿಯಿತು. “ಹೋಗು, ಕೋಳ ತಾ! ಪಟ್ಟಣದಿಂದ ಬಂದವಳು, ಮೂರು ದಿನ ಊರು ಸುತ್ತಿ ಎಲ್ಲ ತಿಳ್ಕೊಂಡುಬಿಟ್ಟೆ!”

“ಸಾರ್ಜ್?” ಬಾನೆಟ್ಟಿನ ಆಚೆಯಿಂದ ಟ್ರೆವೆಲ್ಲಾ ಕೂಗಿದ.

“ಏನಿಲ್ಲ! ಅಲ್ಲೇ ಇರು!”

ಅವಳು ಥನಾಸಿಸ್‌ನ ಎದೆಗೆ ಎದೆ ಕೊಟ್ಟ ಹಾಗೆ ನಿಂತಳು. “ತಿಳೀದೇ ಇರೋದು ಒಂದೇ. ಗುರುವಾರ ಸಂಜೆ ಇಲ್ಲಿಂದ ಹೋದ ಟ್ರಕ್ಕು ಶನಿವಾರ ಬೆಳಿಗ್ಗೆ ಗಣೀಲಿತ್ತು. ಶುಕ್ರವಾರ ಮಿಲಿವೊಯ್ ನಡಕೊಂಡು ಮನೆಗೆ ಬಂದ. ಟ್ರಕ್ಕೆಲ್ಲಿ ಅಂತ ಕೇಳಿದ್ದಕ್ಕೆ ಹೆಂಡತಿ ಮೇಲೆ ರೇಗಿದ. ಆ ಒಂದು ರಾತ್ರಿ ಅದು ಯಾರ ಹತ್ತಿರ ಇತ್ತು? ಮನೆ ಮನೆ ಕೇಳಿಸಿದೀನಿ, ಯಾರಿಗೂ ಗೊತ್ತಿಲ್ಲ. ನಿನ್ನ ಹತ್ತಿರ ಇತ್ತು ಅಂತ ನಾನಂತೀನಿ.”

“ಕೇಳಿಸಿದೀಯ. ಯಾರ ಕೈಲಿ ಕೇಳಿಸಿದೆ?”

“ಕಾಲಿನ್ ಕೈಲಿ. ಇನ್ಯಾರ ಕೈಲಿ?”

ಥನಾಸಿಸ್‌ನ ಮುಖದಲ್ಲಿದ್ದ ಸಿಟ್ಟು ಹಾಗೇ ನಿಂತಿತು, ಆದರೆ ಕಣ್ಣು ಬದಲಾಯಿತು. ಅವನು ಕೈ ಚಾಚಿ ಆಕ್ಸಿಲರೇಟರ್ ತೋಳನ್ನು ಎಳೆದ. ಎಂಜಿನ್ ಅಬ್ಬರಿಸಿತು. ಗುಹೆಯೆಲ್ಲ ಸದ್ದಿನಿಂದ ತುಂಬಿಹೋಯಿತು.

“ಈಗ ಬೈ,” ಅಂದ ಅವನು, ಅವಳ ಕಿವಿಯ ಹತ್ತಿರ. ತುಟಿ ಮಾತ್ರ ಅಲ್ಲಾಡಿತು. “ನನ್ನ ಮೇಲೆ ಕೂಗಾಡ್ತಾ ಇರೋ ಹಾಗೆ ಕೈ ಆಡಿಸು, ಬಾನೆಟ್ ಸಂದೀಲಿ ಅವನಿಗೆ ಕಂಡ್ರೂ ಕಾಣುತ್ತೆ. ಆಡಿಸ್ತಾ ಕೇಳಮ್ಮ.”

ಅವಳು ಕೈ ಆಡಿಸಿದಳು. ಯಾಕೆ ಅಂತ ಅವಳಿಗೇ ತಿಳಿಯಲಿಲ್ಲ.

“ಬಾರಿನ ಜಗಳಕ್ಕೆ ಮುಚ್ಚಳಿಕೆ ಬರೆದುಕೊಡೋಕೆ ಶುಕ್ರವಾರ ಐದು ಗಂಟೆಗೆ ಸ್ಟೇಷನ್‌ಗೆ ಹೋಗಿದ್ದೆ. ಬೆಂಚಿನ ಮೇಲೆ ಕಾಯ್ತಾ ಕೂತಿದ್ದೆ. ಹಿಂದಿನ ಕಿಟಕಿ ತೆರೆದಿತ್ತು. ಈ ಟ್ರಕ್ಕು ನಿಮ್ಮ ಸ್ಟೇಷನ್ ಅಂಗಳದಲ್ಲಿತ್ತು, ಏನೋ ನೆಪ ಹೇಳಿ ಜಪ್ತಿ ಮಾಡಿರಬೇಕು. ಬಾನೆಟ್ ಎತ್ತಿತ್ತು. ಒಬ್ಬ ಬಗ್ಗಿ ನಿಂತಿದ್ದ, ಹಿಂದಿನ ಜೇಬಲ್ಲಿ ಇಕ್ಕಳದ ಕೆಂಪು ಹಿಡಿ ಕಾಣ್ತಿತ್ತು. ಐದು ನಿಮಿಷ ಆದಮೇಲೆ ಕೈ ತೊಳ್ಕೊಂಡು ಒಳಗೆ ಬಂದು, ನನ್ನ ಮುಚ್ಚಳಿಕೆಗೆ ರುಜು ಹಾಕಿಸ್ಕೊಂಡ.”

ಲೋರ್ನಾ ಬಾನೆಟ್ಟಿನ ಕಡೆ ನೋಡಿದಳು. ಆ ಸ್ಟೇಷನ್ನಿನಲ್ಲಿ ರುಜು ಹಾಕಿಸಿಕೊಳ್ಳುವವನು ಒಬ್ಬನೇ.

“ಮೂರು ದಿನದಿಂದ ಯಾಕೆ ಬಾಯಿ ಬಿಡಲಿಲ್ಲ?”

“ಯಾವಾಗ ಬಿಡಲಿ? ನೀನು ನನ್ನ ಹತ್ತಿರ ಬಂದಾಗೆಲ್ಲ ಪಕ್ಕದಲ್ಲಿ ಅವನೇ. ಹೇಳಿಕೆ ಬರಕೊಂಡವನು ಅವನೇ. ಮಿಲಿವೊಯ್ ಕಲ್ಲು ಕದ್ದವನೂ ಅವನೇ ಇರಬೇಕು. ಟೇಪ್ ಕತ್ತರಿಸಿದ್ರೆ ನೀನು ಓಡಿ ಬರ್ತೀಯ ಅಂತ ಕತ್ತರಿಸಿದೆ. ಒಬ್ಬಳೇ ಬಂದ್ರೆ ಎರಡು ಮಾತು ಹೇಳಬಹುದು ಅಂತ. ಅವನನ್ನೂ ಕರ್ಕೊಂಡು ಬಂದೆಯಲ್ಲಮ್ಮ!”

ಅವಳ ತಲೆಯಲ್ಲಿ ಮೂರು ದಿನ ಹಿಂದು ಮುಂದಾಗಿ ಉರುಳಿದವು. ಕುಡಿದ ತಣ್ಣೀರು, ನಂಬಿದ ವರದಿಗಳು. ದಾನಿತ್ಸಾಳ ಮನೆಯಲ್ಲಿ ಅವನು ಟೊಪ್ಪಿ ತೆಗೆದು ತಲೆ ತಗ್ಗಿಸಿ ನಿಂತ ರೀತಿ. ಬಾಗಿಲು ಟ್ರಕ್ಕಿನ ಹಿಂದೆ, ನಲವತ್ತು ಅಡಿ ದೂರ. ಅವಳ ಪಿಸ್ತೂಲು ಜೀಪಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಬೀಗದ ಕೈ ಅವನ ಜೇಬಲ್ಲಿ.

“ಆಕ್ಸಿಲರೇಟರ್ ಬಿಡು,” ಅಂದಳು. “ಸದ್ದು ಇಳಿಸು. ಏನೂ ಆಗಿಲ್ಲ ಅನ್ನೋ ಹಾಗೆ ಇಬ್ಬರೂ ಪಕ್ಕಕ್ಕೆ ಹೋಗೋಣ. ಮೊದಲು ನೀನು.”

ಥನಾಸಿಸ್ ಆ ಪುಟ್ಟ ತೋಳನ್ನು ಬಿಟ್ಟ. ಎಂಜಿನ್ ಇಳಿದು ಮತ್ತೆ ಸಾವಿರದ ನಾನೂರಕ್ಕೆ ಬಂತು. ಅವನು ಒಂದು ಹೆಜ್ಜೆ ಎಡಕ್ಕೆ ಇಟ್ಟ. ಅಲ್ಲಿ ಗ್ಯಾಸ್ ಸಿಲಿಂಡರುಗಳ ಸಾಲು. ದಾಟಬೇಕಾದರೆ ಒಂದೊಂದಾಗಿ ಸರಿಸಬೇಕು. ಬಲಗಡೆ ಬಂಡೆ, ಅವಳು ಮೈ ಓರೆ ಮಾಡಿ ನುಸುಳಿ ಬಂದಿದ್ದ ಸಣ್ಣ ಸಂದಿ.

ಲೋರ್ನಾ ಕೈಯಲ್ಲಿದ್ದ ಮೀಟರ್ ನೋಡಿದಳು.

ಸ್ಕ್ರೂ ಯಾರೂ ಮುಟ್ಟಿರಲಿಲ್ಲ. ಏಸಿ ಆಫ್ ಆಗಿತ್ತು. ಆದರೂ ಮುಳ್ಳು ಇಳಿಯುತ್ತಿತ್ತು. ಸಾವಿರದ ಮುನ್ನೂರು. ಸಾವಿರದ ಇನ್ನೂರು. ಸಾವಿರದ ನೂರು. ನಿಂತಲ್ಲೇ ಎಂಜಿನ್ ಯಾವುದೋ ಭಾರ ಹೊತ್ತುಕೊಂಡಿತ್ತು. ಇನ್ನು ಹೊರಬಹುದಾದ ಭಾರ ಉಳಿದಿದ್ದು ಒಂದೇ.

ಟ್ರೆವೆಲ್ಲಾ ಗೇರ್ ಹಾಕಿದ್ದ.

“ಎಲ್ಲ ಮುಗೀತಾ ಸಾರ್ಜ್?” ಬಾನೆಟ್ಟಿನ ಆಚೆಯಿಂದ ಅವನ ದನಿ ಬಂತು. ನೀರಿನ ಬಾಟಲಿ ಬೇಕಾ ಅಂತ ಕೇಳುವಾಗಿನ ಅದೇ ಮೆತ್ತನೆ ದನಿ.

ಅದರ ಹಿಂದೆಯೇ, ಹ್ಯಾಂಡ್ ಬ್ರೇಕ್ ಬಿಚ್ಚಿಕೊಂಡ ಸದ್ದು.